ಹೊಸ ಗೇಮ್ ಕನ್ಸೋಲು, ಹಳೇ ಡಬ್ಬಾ ಟಿವಿ: ಪದೇ ಪದೇ ಕೇಳೋ ಪ್ರಶ್ನೆಗಳು

ಬೇಸಿಗೆ ರಜೆ ಬಂತು ಅಂದ್ರೆ ನಂಗೆ ಒಂದೇ ತರದ ಮೆಸೇಜು ಶುರು. "ಅಣ್ಣಾ, ಪಿಎಸ್4 ಊರಿಗೆ ತಂದ್ಬಿಟ್ಟಿದೀವಿ, ಇಲ್ಲಿರೋದು ಡಬ್ಬಾ ಟಿವಿ, ಈ ವೈರ್ ಎಲ್ಲಿಗೆ ಚುಚ್ಚೋದು?" ದಸರಾ ರಜೇಲಿ ಇನ್ನೊಂದು ರೌಂಡು. ಒಬ್ಬೊಬ್ಬರಿಗೂ ವಾಯ್ಸ್ ಮೆಸೇಜ್ ಕಳ್ಸಿ ಗಂಟಲು ಒಣಗಿ ಹೋಯ್ತು, ಅದಕ್ಕೇ ಎಲ್ಲಾ ಒಂದೇ ಕಡೆ ಬರೆದಿಟ್ಟಿದೀನಿ. ನಾನು ಎಂಜಿನಿಯರ್ ಏನಲ್ಲ, ತೀರ್ಥಹಳ್ಳಿ ಹತ್ರ ಅಜ್ಜಿ ಮನೇಲಿರೋ 21 ಇಂಚಿನ ಪಿಕ್ಚರ್ ಟ್ಯೂಬ್ ಟಿವಿಗೆ ನನ್ನ ಪಿಎಸ್4 (ಪ್ಲೇಸ್ಟೇಷನ್ 4), ಒಂದು ನಿಂಟೆಂಡೊ ಸ್ವಿಚ್ಚು, ಆಮೇಲೆ ಭಾವನ ಪಿಎಸ್5 ಮೂರನ್ನೂ ಹಾಕಿ ಆಡಿದೀನಿ ಅಷ್ಟೇ, ಅದರಲ್ಲಿ ಆದ ತಪ್ಪೆಲ್ಲಾ ಇಲ್ಲಿದೆ.

ಮೊದಲು ಒಂದೇ ಮಾತಲ್ಲಿ ಹೇಳಿ, ಆಗತ್ತಾ ಆಗಲ್ವಾ?

ಆಗತ್ತೆ. ಪಿಎಸ್4, ಪಿಎಸ್5, ಎಕ್ಸ್‌ಬಾಕ್ಸ್ ಒನ್, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಮತ್ತು ಎಸ್, ನಿಂಟೆಂಡೊ ಸ್ವಿಚ್, ಇವೆಲ್ಲದರಿಂದ ಟಿವಿಗೆ ಚಿತ್ರ ಹೊರಗೆ ಬರೋದು ಒಂದೇ ಒಂದು ದಾರೀಲಿ, ಎಚ್‌ಡಿಎಂಐ. ಡಬ್ಬಾ ಟಿವಿಗೆ ಆ ತೂತೇ ಇಲ್ಲ. ಮಧ್ಯೆ ಒಂದು ಕನ್ವರ್ಟರ್ ಡಬ್ಬಿ ಬೇಕು, ಜೊತೆಗೊಂದು ಎವಿ ವೈರು, ಸಾಮಾನ್ಯವಾಗಿ ಅಷ್ಟೇ ಸಾಕು. ಒಂದು ಅಪವಾದ ಏನಂದ್ರೆ ಸ್ವಿಚ್ ಲೈಟ್, ಅದು ಯಾವ ಟಿವಿಗೂ ಕನೆಕ್ಟ್ ಆಗಲ್ಲ, ಹೊಸ ಟಿವಿಗೂ ಆಗಲ್ಲ, ಅದಕ್ಕೆ ಡಬ್ಬಿ ತಂದು ದುಡ್ಡು ಕಳ್ಕೋಬೇಡಿ.

ನಮ್ಮ ಟಿವಿಗೆ ಯಾವುದು ಬೇಕು ಅಂತ ಗೊತ್ತಾಗೋದು ಹೇಗೆ?

ಟಿವಿ ಹಿಂದೆ ಮೊಬೈಲ್ ಟಾರ್ಚ್ ಹಾಕಿ ನೋಡಿ. ಧೂಳು, ಜೇಡರ ಬಲೆ, ಎರಡು ಹಲ್ಲಿ ಮೊಟ್ಟೆ ಎಲ್ಲಾ ದಾಟಿದ ಮೇಲೆ ಹಳದಿ, ಬಿಳಿ, ಕೆಂಪು ಬಣ್ಣದ ದುಂಡನೆ ತೂತು ಕಂಡ್ರೆ ನೀವು ಪುಣ್ಯವಂತರು, ಅದೇ ಎವಿ ಇನ್ಪುಟ್, ನಿಮ್ಮ ಸೆಟ್‌ಟಾಪ್ ಬಾಕ್ಸೋ ಡಿವಿಡಿ ಪ್ಲೇಯರ್ರೋ ಬಹುಶಃ ಈಗಾಗ್ಲೇ ಅಲ್ಲೇ ಕೂತಿರತ್ತೆ. ಸುಮಾರು ಟಿವಿಗಳಲ್ಲಿ ಮುಂದೆ ಬಟನ್ ಪಕ್ಕ ಒಂದು ಸಣ್ಣ ಮುಚ್ಚಳದ ಒಳಗೂ ಇನ್ನೊಂದು ಸೆಟ್ ಇರತ್ತೆ, ಅದಾದ್ರೆ ಟಿವಿ ತಿರುಗಿಸೋ ಕಷ್ಟಾನೇ ಇಲ್ಲ. ಹಿಂದೆ ಎವಿ ಇನ್, ಎವಿ ಔಟ್ ಎರಡೂ ಇರಬಹುದು, ಬಣ್ಣ ಒಂದೇ, ಸೋ ಮೇಲೆ ಬರೆದಿರೋದು ಓದಿ ಇನ್ ಗೇ ಹಾಕಿ. ಬರೀ ಆಂಟೆನಾ ತೂತು ಒಂದೇ ಇದ್ರೆ ಕೆಳಗೆ ಬೇರೆ ಪ್ರಶ್ನೆ ಇದೆ, ಅದಕ್ಕೆ ಹೋಗಿ.

ಅಂಗಡೀಲಿ ಏನಂತ ಕೇಳ್ಬೇಕು?

"ಎಚ್‌ಡಿಎಂಐ ಟು ಎವಿ ಕನ್ವರ್ಟರ್" ಅಂತ ಕೇಳಿ. ಈ ಕ್ರಮ ಬಾಯಿಪಾಠ ಮಾಡ್ಕೊಳ್ಳಿ, ಯಾಕಂದ್ರೆ "ಎವಿ ಟು ಎಚ್‌ಡಿಎಂಐ" ಅಂತ ಇನ್ನೊಂದು ಇದೆ, ಅದು ಉಲ್ಟಾ ಕೆಲಸದ್ದು, ಹಳೇ ಡಿವಿಡಿ ಪ್ಲೇಯರ್‌ನ ಹೊಸ ಟಿವಿಗೆ ಹಾಕಕ್ಕೆ. ಎರಡೂ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಎರಡೂ ಒಂದೇ ಬಣ್ಣ, ಎರಡಕ್ಕೂ ಅದೇ ತೂತುಗಳು. ಬೆಂಗಳೂರಿನ ಎಸ್‌ಪಿ ರೋಡಲ್ಲಿ ಒಂದು ಅಂಗಡೀಲಿ ನಾನು ಸರಿಯಾಗೇ ಕೇಳಿದ್ದೆ, ಅವನು ಕಪಾಟಿಂದ ತೆಗೆದು ಕೊಟ್ಟ, ನಾನೂ ಗಡಿಬಿಡೀಲಿ ಜೇಬಿಗೆ ಹಾಕ್ಕೊಂಡು ರಾತ್ರಿ ಬಸ್ ಹತ್ತಿದೆ, ಬೆಳಿಗ್ಗೆ ಊರಲ್ಲಿ ಬಿಚ್ಚಿ ನೋಡಿದ್ರೆ ಡಬ್ಬಿ ಮೇಲೆ ಎವಿ2ಎಚ್‌ಡಿಎಂಐ ಅಂತ ಇದೆ. 300 ಕಿಲೋಮೀಟರ್ ದೂರದಿಂದ ಎಕ್ಸ್‌ಚೇಂಜ್ ಯಾರು ಮಾಡ್ತಾರೆ? ಅದಕ್ಕೇ ಹೇಳೋದು, ಡಬ್ಬಿ ಮೇಲಿನ ಅಕ್ಷರ ಅಂಗಡೀಲೇ ಓದಿ, ಎಚ್‌ಡಿಎಂಐ ಪಕ್ಕ ಇನ್ಪುಟ್ ಅಂತ, ಮೂರು ಬಣ್ಣದ ಪಕ್ಕ ಔಟ್‌ಪುಟ್ ಅಂತ ಇರ್ಬೇಕು.

ರೇಟು ನಾನು ತಗೊಂಡಾಗ 400 ರೂಪಾಯಿ ಆಸುಪಾಸು ಇತ್ತು. ಜೊತೆಗೆ ಎರಡೂ ಕಡೆ ಗಂಡು ಪಿನ್ ಇರೋ ಮೂರು ಬಣ್ಣದ ಎವಿ ಕೇಬಲ್ ಒಂದು ಬೇಕು, ಅದು ಹಳೇ ಡಿವಿಡಿ ಪ್ಲೇಯರ್ ಜೊತೆ ಮನೇಲಿ ಎಲ್ಲೋ ಬಿದ್ದಿರತ್ತೆ, ಹುಡುಕಿ. ತಗೊಳ್ಳೋವಾಗ ಇನ್ನೊಂದು ನೋಡಿ, ಡಬ್ಬಿ ಪಕ್ಕದಲ್ಲಿ ಪಾಲ್ / ಎನ್‌ಟಿಎಸ್‌ಸಿ ಅಂತ ಒಂದು ಪುಟ್ಟ ಸ್ವಿಚ್ ಇರ್ಬೇಕು. ಅದಿಲ್ದೇ ಇರೋದು ಬೇಡ, ಯಾಕೆ ಅಂತ ಮುಂದೆ ಹೇಳ್ತೀನಿ.

ಒಂದು ಕಡೆ ಎಚ್‌ಡಿಎಂಐ ಇನ್ನೊಂದು ಕಡೆ ಮೂರು ಬಣ್ಣದ ಪಿನ್ ಇರೋ ಬರೀ ವೈರ್ ಸಿಗತ್ತಲ್ಲ, 150 ರೂಪಾಯಿಗೆ, ಅದು ಸಾಲಲ್ವಾ?

ಸಾಲಲ್ಲ. ಎಚ್‌ಡಿಎಂಐಯಲ್ಲಿ ಹರಿಯೋದು ಡಿಜಿಟಲ್, ಅಂದ್ರೆ ಸೊನ್ನೆ ಒಂದು ಸೊನ್ನೆ ಒಂದು, ಹಳದಿ ಪಿನ್ನಿಗೆ ಬೇಕಾಗಿರೋದು ಅನಲಾಗ್ ಅಲೆ. ಮಧ್ಯೆ ಒಂದು ಚಿಪ್ ಕೂತ್ಕೊಂಡು 1080 ಸಾಲಿನ ಚಿತ್ರಾನ ಕುಗ್ಗಿಸಿ, ಟಿವಿ ಗೆರೆ ಬಿಡಿಸೋ ವೇಗಕ್ಕೆ ಹೊಂದಿಸಿ, ಬಣ್ಣನ ಅದೇ ಒಂದು ತಂತಿಯೊಳಗೆ ಸೇರ್ಸಿ ಕೊಡ್ಬೇಕು. ಬರೀ ತಾಮ್ರದ ತಂತಿಗೆ ಆ ಬುದ್ಧಿ ಎಲ್ಲಿಂದ ಬರ್ಬೇಕು. ಆ ವೈರ್ ತಂದವರು ಮೂರು ಜನ ನಂಗೆ ಗೊತ್ತು, ಮೂವರ ಮನೇಲೂ ಈಗ ಅದು ಗಂಟು ಕಟ್ಟೋಕೆ ಉಪಯೋಗ ಆಗ್ತಿದೆ.

ಡಬ್ಬಿಗೆ ಕರೆಂಟ್ ಎಲ್ಲಿಂದ ಕೊಡೋದು?

5 ವೋಲ್ಟ್ ಸಾಕು, ಮೊಬೈಲ್ ಚಾರ್ಜರ್ ಹಾಕಿ ಅಥವಾ ಕನ್ಸೋಲಿನ ಯುಎಸ್‌ಬಿ ತೂತಿಗೇ ಚುಚ್ಚಿ. ಎಚ್‌ಡಿಎಂಐ ವೈರಲ್ಲೇ ಚೂರು ಕರೆಂಟ್ ಬರತ್ತೆ, ಅದ್ರಿಂದ ಡಬ್ಬಿಯ ಲೈಟ್ ಮಿಣಿಮಿಣಿ ಅಂತ ಹತ್ತಬಹುದು, ಚಿತ್ರನೂ ಒಂದು ಸೆಕೆಂಡ್ ಬಂದು ಹೋಗ್ಬಹುದು, ಅದನ್ನ ನಂಬಿ ಪವರ್ ಕೇಬಲ್ ಬಿಡ್ಬೇಡಿ. ಅರ್ಧ ಜನರ "ಬಿಟ್ಟು ಬಿಟ್ಟು ಬರ್ತಿದೆ" ಕಂಪ್ಲೇಂಟ್ ಇಲ್ಲೇ ಮುಗಿಯತ್ತೆ. ಎಷ್ಟೋ ಡಬ್ಬಿಗೆ ಹಳೇ ಕಾಲದ ಮಿನಿ ಯುಎಸ್‌ಬಿ ಇರತ್ತೆ, ಮೊಬೈಲ್ ವೈರ್ ಹಿಡಿಯಲ್ಲ, ಹಾಗಾಗಿ ಡಬ್ಬಿ ಜೊತೆ ಕೊಡೋ ಮೋಟು ವೈರ್ ಕಳೀಬೇಡಿ.

ಎಲ್ಲಾ ಹಾಕಿದೆ, ಚಿತ್ರ ಬಂತು, ಆದ್ರೆ ಬ್ಲ್ಯಾಕ್ ಅಂಡ್ ವೈಟ್! ಮೇಲಿಂದ ಕೆಳಗೆ ಓಡ್ತಾನೂ ಇದೆ!

ಇದು ನಂಬರ್ ಒನ್ ಪ್ರಶ್ನೆ. ಪಾಲ್, ಎನ್‌ಟಿಎಸ್‌ಸಿ ಗಲಾಟೆ ಇದು. ನಮ್ಮ ದೇಶದಲ್ಲಿ 1982ರ ದಿಲ್ಲಿ ಏಷ್ಯನ್ ಗೇಮ್ಸ್ ಹೊತ್ತಿಗೆ ದೂರದರ್ಶನಕ್ಕೆ ಕಲರ್ ಬಂತಲ್ಲ, ಬಂದಿದ್ದು ಪಾಲ್ ಪದ್ಧತೀಲಿ. ಪಾಲ್ ಅಂದ್ರೆ ಒಟ್ಟು 625 ಗೆರೆ, ಅದರಲ್ಲಿ ಕಾಣೋದು 576, ಸೆಕೆಂಡಿಗೆ 50 ಸಲ. ಅಮೆರಿಕ, ಜಪಾನಲ್ಲಿ ಎನ್‌ಟಿಎಸ್‌ಸಿ, 525 ಗೆರೆ, ಕಾಣೋದು 480, ಸೆಕೆಂಡಿಗೆ 60 ಸಲ. ಬಣ್ಣದ ಸಿಗ್ನಲ್ ಕೂತ್ಕೊಳ್ಳೋ ಜಾಗಾನೂ ಬೇರೆ, ಪಾಲ್‌ಗೆ 4.43 ಮೆಗಾಹರ್ಟ್ಸ್, ಎನ್‌ಟಿಎಸ್‌ಸಿಗೆ 3.58. ಬರೀ ಪಾಲ್ ಗೊತ್ತಿರೋ ಟಿವಿಗೆ ಎನ್‌ಟಿಎಸ್‌ಸಿ ಕೊಟ್ರೆ ಅದಕ್ಕೆ ಬಣ್ಣ ಎಲ್ಲಿದೆ ಅಂತಲೇ ಸಿಗಲ್ಲ, ಕಪ್ಪು ಬಿಳುಪು ತೋರಿಸತ್ತೆ, 50ರ ಲೆಕ್ಕದಲ್ಲಿ ಕೂತಿದ್ರೆ ಚಿತ್ರ ಲಿಫ್ಟ್ ತರ ಓಡತ್ತೆ. ಡಬ್ಬಿಯ ಸ್ವಿಚ್ಚನ್ನ ಪಾಲ್ ಕಡೆ ತಳ್ಳಿ. ಮುಗೀತು.

ಮೊದಲ ಸಲ ನಮ್ಮ ಅಜ್ಜಿ ಮನೇಲಿ ಹೀಗೇ ಆದಾಗ ನಾನೂ ಚಿಕ್ಕಪ್ಪನೂ ಮುಕ್ಕಾಲು ಗಂಟೆ ವೈರ್ ಅಲ್ಲಾಡ್ಸಿದ್ವಿ, ಟಿವಿ ತಲೆಗೆ ಎರಡು ಏಟು ಕೂಡ ಬಿತ್ತು. ಅಜ್ಜಿ ಒಳಗಿಂದ ಬಂದು ನೋಡಿ "ಆಂಟೆನಾ ತಿರುಗ್ಸಕ್ಕೆ ಯಾರನ್ನಾದ್ರೂ ಮೇಲೆ ಹತ್ತಿಸ್ರೋ" ಅಂದ್ರು. ಆ ಸ್ವಿಚ್ ಉಗುರಲ್ಲಿ ತಳ್ಳೋಷ್ಟು ಸಣ್ಣದು, ಕಪ್ಪು ಡಬ್ಬಿ ಮೇಲೆ ಕಪ್ಪು ಸ್ವಿಚ್ಚು, ಕಾಣಲೇ ಇಲ್ಲ.

ಅಂದ್ರೆ ಪಾಲ್‌ನಲ್ಲೇ ಇಟ್ಟು ಆಡೋದು ಒಳ್ಳೇದಾ?

ಇಲ್ಲಿ ಒಂದು ಸೂಕ್ಷ್ಮ ಇದೆ. ಕನ್ಸೋಲು ಸೆಕೆಂಡಿಗೆ 60 ಚಿತ್ರ ಕಳಿಸತ್ತೆ. ಡಬ್ಬಿ ಪಾಲ್‌ನಲ್ಲಿದ್ರೆ 50 ಮಾತ್ರ ಟಿವಿಗೆ ಕೊಡತ್ತೆ, ಅಂದ್ರೆ ಪ್ರತಿ ಆರರಲ್ಲಿ ಒಂದು ಚಿತ್ರ ಡಬ್ಬಿಯೊಳಗೇ ಸಾಯತ್ತೆ. ಕಾರ್ ರೇಸ್‌ನಲ್ಲೋ ಓಡೋ ಗೇಮಲ್ಲೋ ರಸ್ತೆ ಒಂಚೂರು ಜರ್ಕ್ ಹೊಡೀತಾ ಹೋಗತ್ತೆ, ಹಳೇ ಬಸ್ಸು ಸೆಕೆಂಡ್ ಗೇರಲ್ಲಿ ಹೋದಂಗೆ. 90ರ ದಶಕದ ಕೊನೆ ಮತ್ತು 2000ದ ನಂತರ ಬಂದ ಎಷ್ಟೋ ಟಿವಿಗಳು ಎರಡೂ ಪದ್ಧತಿ ಓದ್ತವೆ, ಯಾಕಂದ್ರೆ ಆಗ ವಿಸಿಡಿ, ಡಿವಿಡಿ ಎಲ್ಲಾ ಎರಡೂ ತರದ್ದು ಬರ್ತಿದ್ವು. ಸೋ ನನ್ನ ಪದ್ಧತಿ ಹೀಗೆ, ಮೊದಲು ಪಾಲ್‌ನಲ್ಲಿ ಹಾಕಿ ಎಲ್ಲಾ ಕೆಲಸ ಮಾಡತ್ತೆ ಅಂತ ನೋಡ್ಕೊಳ್ಳೋದು, ಆಮೇಲೆ ಎನ್‌ಟಿಎಸ್‌ಸಿಗೆ ತಳ್ಳಿ ನೋಡೋದು, ಬಣ್ಣದ ಸಮೇತ ನಿಂತ್ರೆ ಅಲ್ಲೇ ಬಿಡೋದು. ಬಣ್ಣ ಹೋದ್ರೆ ಟಿವಿ ಮೆನುವಿನಲ್ಲಿ ಕಲರ್ ಸಿಸ್ಟಮ್ ಅಂತ ಇರತ್ತೆ, ಅದು ಪಾಲ್‌ಗೆ ಬೀಗ ಹಾಕಿದ್ರೆ ಆಟೋ ಮಾಡಿ ಇನ್ನೊಂದ್ಸಲ ನೋಡಿ. ರಿಮೋಟ್ ಇಲ್ವಾ? ಟಿವಿ ರಿಪೇರಿ ಅಂಗಡೀಲಿ ಡೂಪ್ಲಿಕೇಟ್ ರಿಮೋಟ್ ಸಿಗತ್ತೆ, ಟಿವಿ ಹೆಸರು ಹೇಳಿದ್ರೆ ಸಾಕು, ಹುಡುಕಿ ಕೊಡ್ತಾರೆ.

ಏನೂ ಬರ್ತಿಲ್ಲ, ಬರೀ ನೀಲಿ ಸ್ಕ್ರೀನು ಅಥವಾ ಕಪ್ಪು.

ಮೊದಲು ಟಿವಿ ಎವಿ ಚಾನೆಲ್‌ನಲ್ಲಿದ್ಯಾ ನೋಡಿ. ರಿಮೋಟಲ್ಲಿ ಎವಿ ಅಥವಾ ಟಿವಿ/ವಿಡಿಯೊ ಬಟನ್, ಕೆಲವು ಟಿವಿಲಿ ಎವಿ1 ಎವಿ2 ಅಂತ ಎರಡಿರತ್ತೆ, ಕೆಲವಕ್ಕೆ ಚಾನೆಲ್ ನಂಬರ್ ಸೊನ್ನೆಗೆ ಹೋದ್ರೆ ಬರತ್ತೆ. ಹಳದಿ ಪಿನ್ ಹಳದಿಗೇ ಹೋಗಿದ್ಯಾ? ಕತ್ತಲಲ್ಲಿ ಬಿಳಿ ಹಳದಿ ಒಂದೇ ತರ ಕಾಣತ್ತೆ, ನಗಬೇಡಿ. ನಿಂಟೆಂಡೊ ಸ್ವಿಚ್ ಆದ್ರೆ ಡಾಕ್‌ಗೆ (ಅದನ್ನ ಟಿವಿಗೆ ಜೋಡಿಸೋ ಸ್ಟ್ಯಾಂಡು) ಅದರದ್ದೇ ಚಾರ್ಜರ್ ಹಾಕಿರ್ಬೇಕು, ಇಲ್ದಿದ್ರೆ ಟಿವಿಗೆ ಚಿತ್ರಾನೇ ಕೊಡಲ್ಲ.

ಇಷ್ಟಾದ್ರೂ ಇಲ್ಲ ಅಂದ್ರೆ ಎರಡು ವಿಷ್ಯ ಉಳಿಯತ್ತೆ. ಒಂದು ರೆಸಲ್ಯೂಶನ್, ಅಂದ್ರೆ ಚಿತ್ರದಲ್ಲಿ ಎಷ್ಟು ಚುಕ್ಕೆ ಅನ್ನೋದು. ಈ ಅಗ್ಗದ ಡಬ್ಬಿಗಳಲ್ಲಿ ಸುಮಾರಷ್ಟು 1080ರ ಮೇಲೆ ಅರ್ಥ ಮಾಡ್ಕೊಳ್ಳಲ್ಲ, ನೀವು ಮನೇಲಿ 4ಕೆ ಟಿವಿಗೆ ಫಿಕ್ಸ್ ಮಾಡಿ ಇಟ್ಟಿದ್ದ ಕನ್ಸೋಲು ತಂದ್ರೆ ತೊಂದ್ರೆ ಕೊಡಬಹುದು. ಪಿಎಸ್4, ಪಿಎಸ್5 ಎರಡಕ್ಕೂ ಸೇಫ್ ಮೋಡ್ ಇದೆ, ಪೂರ್ತಿ ಆಫ್ ಮಾಡಿ, ಪವರ್ ಬಟನ್ ಒತ್ತಿ ಹಿಡ್ಕೊಳ್ಳಿ, ಒಂದು ಬೀಪ್ ತಕ್ಷಣ ಬರತ್ತೆ, ಏಳು ಸೆಕೆಂಡ್ ಆದ್ಮೇಲೆ ಎರಡನೇ ಬೀಪ್, ಆಗ ಬಿಡಿ. ಕಂಟ್ರೋಲರ್‌ನ ವೈರ್ ಹಾಕಿ ಪಿಎಸ್ ಬಟನ್ ಒತ್ತಿ, ವೈರ್‌ಲೆಸ್ ಅಲ್ಲಿ ನಡೆಯಲ್ಲ. ಎರಡನೇ ಆಪ್ಷನ್ನೇ ರೆಸಲ್ಯೂಶನ್ ಬದಲಾಯಿಸೋದು. ಸ್ವಿಚ್ ಆದ್ರೆ ಸುಲಭ, ಡಾಕ್‌ನಿಂದ ತೆಗೆದು ಅದರ ಸ್ಕ್ರೀನಲ್ಲೇ ಟಿವಿ ಸೆಟ್ಟಿಂಗಿಗೆ ಹೋಗಿ 720 ಅಥವಾ 480 ಮಾಡಿ ವಾಪಸ್ ಇಡಿ.

ಎರಡನೇದು ಎಚ್‌ಡಿಸಿಪಿ. ಸಿನಿಮಾ ಕಾಪಿ ಹೊಡೀಬಾರ್ದು ಅಂತ ಎಚ್‌ಡಿಎಂಐಗೆ ಹಾಕಿರೋ ಬೀಗ ಅದು, ಎದುರಿಗಿರೋ ಡಬ್ಬಿ ಸರಿಯಾಗಿ ಉತ್ತರ ಕೊಡ್ಲಿಲ್ಲ ಅಂದ್ರೆ ಕನ್ಸೋಲು ಚಿತ್ರ ನಿಲ್ಲಿಸತ್ತೆ. ಪಿಎಸ್4ನಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್ ಒಳಗೆ, ಪಿಎಸ್5ನಲ್ಲಿ ಸಿಸ್ಟಮ್, ಎಚ್‌ಡಿಎಂಐ ಒಳಗೆ ಅದನ್ನ ಆಫ್ ಮಾಡೋ ಟಿಕ್ ಇದೆ. ಊರಿಗೆ ಹೊರಡೋ ಮುಂಚೆ ಮನೆ ಟಿವಿಲೇ ಈ ಕೆಲಸ ಮುಗಿಸಿ, ರೆಸಲ್ಯೂಶನ್ನೂ 1080ಕ್ಕೆ ಇಳಿಸಿ, ಎಚ್‌ಡಿಆರ್ (ಹೊಸ ಟಿವಿಗಳಲ್ಲಿ ಬೆಳಕು ಬಣ್ಣ ಹೆಚ್ಚಿಸೋ ಸೆಟ್ಟಿಂಗ್) ಆಫ್ ಮಾಡಿ, ಆಮೇಲೆ ಬ್ಯಾಗಿಗೆ ಹಾಕಿ. ಎಚ್‌ಡಿಸಿಪಿ ಆಫ್ ಇದ್ದಾಗ ಗೇಮ್ ಆಡಬಹುದು, ಸಿನಿಮಾ ಆ್ಯಪ್‌ಗಳು ಓಡಲ್ಲ, ಅದಕ್ಕೆ ಬೈಕೋಬೇಡಿ.

ಕೆಂಪು ಪಿನ್ನಿಗೆ ಟಿವಿಲಿ ತೂತೇ ಇಲ್ಲ.

ಹಾಗಾದ್ರೆ ನಿಮ್ಮದು ಮೋನೊ ಟಿವಿ, ಒಂದೇ ಸೌಂಡು. ಬಿಳಿ ಹಾಕಿ ಕೆಂಪು ಬಿಟ್ಬಿಡಿ, ಸೌಂಡ್ ಬರತ್ತೆ. ಆದ್ರೆ ಬಲಗಡೆಯ ಸೌಂಡ್ ಪೂರ್ತಿ ಕಾಣೆ ಆಗತ್ತೆ, ಹಿಂದೆ ಬಲಕ್ಕೆ ಶತ್ರು ಗುಂಡು ಹೊಡೆದ್ರೆ ಕೇಳ್ಸಲ್ಲ. ಕನ್ಸೋಲಲ್ಲಿ ಮೋನೊ ಆಡಿಯೊ ಅಂತ ಸೆಟ್ಟಿಂಗ್ ಇದ್ರೆ ಅದನ್ನ ಆನ್ ಮಾಡೋದು ಬೆಸ್ಟು. ಇನ್ನು ಸೌಂಡೇ ಬರ್ತಿಲ್ಲ ಚಿತ್ರ ಮಾತ್ರ ಅಂದ್ರೆ ಕನ್ಸೋಲಿನ ಆಡಿಯೊ ಡಾಲ್ಬಿಯಲ್ಲೋ ಡಿಟಿಎಸ್‌ನಲ್ಲೋ ಇರತ್ತೆ, ಪಿಸಿಎಂ (ಒತ್ತಿ ಕುಗ್ಗಿಸದ ಸಾದಾ ಸೌಂಡು) ಎರಡು ಚಾನೆಲ್‌ಗೆ ತನ್ನಿ.

ಸ್ಕೋರು, ಮ್ಯಾಪು ಎಲ್ಲಾ ಅಂಚಲ್ಲಿ ಕಟ್ ಆಗಿದೆ, ಮನುಷ್ಯರೆಲ್ಲಾ ಬಿದಿರು ತರ ಉದ್ದ ಆಗಿದಾರೆ.

ಎರಡು ಬೇರೆ ಬೇರೆ ಕಾಯಿಲೆ. ಅಂಚು ಕಟ್ ಆಗೋದು ಎಲ್ಲಾ ಟ್ಯೂಬ್ ಟಿವಿಯ ಹುಟ್ಟುಗುಣ, ಅಂಚಲ್ಲಿ ಕಪ್ಪು ಪಟ್ಟಿ ಕಾಣಬಾರ್ದು ಅಂತ ಕಂಪನಿಯವರೇ ಚಿತ್ರಾನ ಗಾಜಿಗಿಂತ ಸ್ವಲ್ಪ ದೊಡ್ಡದಾಗಿ ಬಿಡಿಸ್ತಿದ್ರು. ಪಿಎಸ್ ಎರಡರಲ್ಲೂ ಡಿಸ್‌ಪ್ಲೇ ಏರಿಯಾ ಅಡ್ಜಸ್ಟ್ ಮಾಡೋದು ಇದೆ, ಸ್ವಿಚ್‌ನಲ್ಲಿ ಸ್ಕ್ರೀನ್ ಸೈಜ್ ಅಂತ ಇದೆ, ನಾಲ್ಕೂ ಮೂಲೆ ಕಾಣೋವರೆಗೂ ಕುಗ್ಗಿಸಿ.

ಉದ್ದ ಆಗೋದು ಆಕಾರದ ತಕರಾರು. ಗೇಮು 16:9, ಅಗಲ ಜಾಸ್ತಿ. ಡಬ್ಬಾ ಟಿವಿ 4:3. ಅಗ್ಗದ ಡಬ್ಬಿ ಅಗಲಾನ ಅಕ್ಕಪಕ್ಕದಿಂದ ಒತ್ತಿ ತುಂಬಿಸತ್ತೆ, ಚಕ್ರ ಕೋಳಿಮೊಟ್ಟೆ ಆಗತ್ತೆ. ಕೆಲವು ಫ್ಲ್ಯಾಟ್ ಟ್ಯೂಬ್ ಟಿವಿಗಳ ಮೆನುವಿನಲ್ಲಿ 16:9 ಅಂತ ಇರತ್ತೆ, ಹಾಕಿದ್ರೆ ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದು ಆಕಾರ ಸರಿ ಹೋಗತ್ತೆ. ಅದಿಲ್ದಿದ್ರೆ ಹತ್ತು ನಿಮಿಷ ಆಡಿ, ಕಣ್ಣೇ ಒಗ್ಗಿ ಹೋಗತ್ತೆ, ನಿಜವಾಗ್ಲೂ. ಕ್ರಿಕೆಟ್ ಗೇಮಲ್ಲಿ ನಮ್ಮ ಹುಡುಗ್ರಿಗೆ ಬೌಲರ್ ಉದ್ದ ಕಂಡಿದ್ದು ಖುಷಿನೇ ಆಯ್ತು.

ಅಕ್ಷರ ಒಂದೂ ಓದಕ್ಕಾಗ್ತಿಲ್ಲ.

ಇದಕ್ಕೆ ಪೂರ್ತಿ ಪರಿಹಾರ ಇಲ್ಲ, ಸುಳ್ಳು ಹೇಳಲ್ಲ. ಲೆಕ್ಕ ಹಾಕಿ, 1080ರ ಒಂದು ಚಿತ್ರದಲ್ಲಿ 1920 × 1080, ಸುಮಾರು 20 ಲಕ್ಷದ 73 ಸಾವಿರ ಚುಕ್ಕೆ. ಪಾಲ್‌ನಲ್ಲಿ 720 × 576, ಹೆಚ್ಚೂಕಮ್ಮಿ 4 ಲಕ್ಷದ 14 ಸಾವಿರ. ಸರಿಯಾಗಿ ಐದರಲ್ಲೊಂದು ಪಾಲು. ಐದು ಚುಕ್ಕೆ ಜಾಗದಲ್ಲಿ ಒಂದು ಚುಕ್ಕೆ ಇಟ್ಟು ಅಕ್ಷರ ಬರೀರಿ ಅಂದ್ರೆ ಅದು ಇರುವೆ ಸಾಲಾಗತ್ತೆ. ಅದರ ಮೇಲೆ ಹಳದಿ ಪಿನ್ನಿನ ಒಂದೇ ತಂತೀಲಿ ಬೆಳಕೂ ಬಣ್ಣವೂ ಒಟ್ಟಿಗೆ ಹೋಗೋದ್ರಿಂದ ಒಂದಕ್ಕೊಂದು ಸೋರ್ಕೊಳ್ಳತ್ತೆ, ಕೆಂಪು ಅಕ್ಷರ ಅಂತೂ ನೆನೆದ ಕುಂಕುಮ ತರ ಹರಡತ್ತೆ.

ಮಾಡಬಹುದಾದ್ದು ಇಷ್ಟು. ಗೇಮಿನ ಸೆಟ್ಟಿಂಗಲ್ಲಿ ಸಬ್‌ಟೈಟಲ್ ಮತ್ತೆ ಅಕ್ಷರದ ಸೈಜು ದೊಡ್ಡದು ಮಾಡಿ. ಪಿಎಸ್ ಮತ್ತು ಸ್ವಿಚ್ ಎರಡಕ್ಕೂ ಝೂಮ್ ಇದೆ, ಆಕ್ಸೆಸಿಬಿಲಿಟಿಯಲ್ಲೋ ಸಿಸ್ಟಮ್ ಸೆಟ್ಟಿಂಗಲ್ಲೋ ಆನ್ ಮಾಡ್ಕೊಂಡ್ರೆ ಓದ್ಬೇಕಾದಾಗ ಹಿಗ್ಗಿಸಬಹುದು. ಟಿವಿ ಮೆನುವಿನಲ್ಲಿ ಶಾರ್ಪ್‌ನೆಸ್ ಕಮ್ಮಿ ಮಾಡಿ, ಜಾಸ್ತಿ ಮಾಡಿದ್ರೆ ಚೆನ್ನಾಗತ್ತೆ ಅಂತ ಅನ್ಸತ್ತೆ, ಆಗಲ್ಲ, ಅಂಚಿಗೆ ಬಿಳಿ ಗೆರೆ ಹುಟ್ಕೊಂಡು ಇನ್ನೂ ಹಾಳಾಗತ್ತೆ.

ಇದಕ್ಕಿಂತ ಮುಖ್ಯ, ಗೇಮ್ ಆರಿಸ್ಕೊಳ್ಳಿ. ಮೂರು ವರ್ಷ ಪ್ರಯೋಗ ಮಾಡಿ ನಂಗೆ ಗೊತ್ತಾಗಿದ್ದು ಏನಂದ್ರೆ ಡಬ್ಬಾ ಟಿವಿಲಿ ಕನ್ಸೋಲ್ ಆಡೋದು ಅಂದ್ರೆ ಅರ್ಧ ಕೆಲಸ ವೈರಿಂದು, ಅರ್ಧ ಕೆಲಸ ಗೇಮಿಂದು. ಪುಸ್ತಕದಷ್ಟು ಓದೋದಿರೋ ಗೇಮು, ಸಾಮಾನು ಪಟ್ಟಿ ನೋಡ್ತಾ ಕೂರೋ ಗೇಮು ತರ್ಲೇಬೇಡಿ. ಫುಟ್‌ಬಾಲು, ಕ್ರಿಕೆಟ್ಟು, ಕುಸ್ತಿ, ಫೈಟಿಂಗು, ಕಾರ್ಟು ರೇಸು, ಪಕ್ಕದಿಂದ ಕಾಣೋ ಹಾರೋ ಓಡೋ ಗೇಮುಗಳು ಸೂಪರ್. ಹಳೇ ಕಾಲದ ಚುಕ್ಕಿ ಚಿತ್ರದ ಗೇಮುಗಳನ್ನ ಈಗ ಹೊಸ ಕನ್ಸೋಲಿಗೆ ಮತ್ತೆ ಬಿಡ್ತಿದಾರಲ್ಲ, ಅವಂತೂ ಎಲ್‌ಇಡಿ ಟಿವಿಗಿಂತ ಇಲ್ಲೇ ಚೆನ್ನಾಗಿ ಕಾಣ್ತವೆ, ಅವನ್ನ ಬಿಡಿಸಿದವರ ಎದುರು ಇದ್ದಿದ್ದೇ ಇಂಥ ಟ್ಯೂಬು, ಚೌಕ ಚುಕ್ಕೆಗಳು ಇದರಲ್ಲಿ ಮೆತ್ತಗಾಗಿ ಸೇರ್ಕೊಳ್ತವೆ. ಕಪ್ಪು ಕೂಡ ಕಪ್ಪಾಗೇ ಕಾಣತ್ತೆ. ಸ್ಕ್ರೀನ್ ಎರಡು ಭಾಗ ಮಾಡಿ ಇಬ್ಬರು ಆಡೋ ಗೇಮು ಮಾತ್ರ ಬೇಡ, ಇದ್ದ 4 ಲಕ್ಷ ಚುಕ್ಕೇಲಿ ಇಬ್ಬರು ಪಾಲು ಮಾಡ್ಕೊಂಡ್ರೆ ಯಾರಿಗೂ ಸಾಲಲ್ಲ.

ಬಟನ್ ಒತ್ತಿದ್ಮೇಲೆ ಲೇಟಾಗಿ ಹೊಡೆಯತ್ತೆ ಅಂತಾರೆ, ನಿಜಾನಾ?

ಟ್ಯೂಬ್ ಟಿವಿ ತಾನಾಗಿ ಲೇಟ್ ಮಾಡಲ್ಲ, ಸಿಗ್ನಲ್ ಬಂದ ಕ್ಷಣವೇ ಗೆರೆ ಬಿಡಿಸತ್ತೆ. ಲೇಟ್ ಆದ್ರೆ ಡಬ್ಬೀಲಿ, ಚಿತ್ರ ಹಿಡ್ಕೊಂಡು ಕುಗ್ಗಿಸಿ ಬಿಡಬೇಕಲ್ಲ, ಒಂದೆರಡು ಫ್ರೇಮ್ ಹೋಗತ್ತೆ, ಒಂದು ಫ್ರೇಮ್ ಅಂದ್ರೆ ಸೆಕೆಂಡಿನ ಅರವತ್ತನೇ ಒಂದು ಭಾಗ. ಮನೆಮಂದಿ ಆಡೋಕೆ ಏನೂ ಗೊತ್ತಾಗಲ್ಲ.

ನಮ್ಮ ಟಿವಿಗೆ ಆಂಟೆನಾ ತೂತು ಮಾತ್ರ ಇರೋದು. ಮರದ ಶಟರ್ ಟಿವಿ.

ಆಹಾ, ಒಂದು ಫೋಟೊ ತೆಗೆದಿಟ್ಕೊಳ್ಳಿ ಮೊದಲು. ಇದಕ್ಕೆ ಎರಡು ಮೆಟ್ಟಿಲು ಬೇಕು. ಎಚ್‌ಡಿಎಂಐಯಿಂದ ಎವಿಗೆ ಮೇಲೆ ಹೇಳಿದ ಡಬ್ಬಿ, ಎವಿಯಿಂದ ಆಂಟೆನಾಗೆ ಆರ್‌ಎಫ್ ಮಾಡ್ಯುಲೇಟರ್. ಮಾಡ್ಯುಲೇಟರ್ ಅಂದ್ರೆ ನಿಮ್ಮ ಮನೆಯೊಳಗಿನ ಪುಟಾಣಿ ಟಿವಿ ಸ್ಟೇಷನ್ನು, ಚಿತ್ರಾನ ಒಂದು ಚಾನೆಲ್‌ಗೆ ಹತ್ತಿಸತ್ತೆ, ನೀವು ಟಿವಿಲಿ ಆ ಚಾನೆಲ್ ಟ್ಯೂನ್ ಮಾಡ್ಬೇಕು. ನಮ್ಮ ಕಾಲದ ಕ್ಯಾಸೆಟ್ ಹಾಕೋ ವಿಡಿಯೊ ಗೇಮು ಆಂಟೆನಾ ವೈರಿಗೆ ಹಾಕ್ತಿದ್ವಲ್ಲ, ಅದರ ಹೊಟ್ಟೇಲೂ ಇದೇ ಇತ್ತು. ಕೇಬಲ್‌ನವರ ಹತ್ರ ಹಳೇದು ಬಿದ್ದಿರತ್ತೆ, ಕೇಳಿ ನೋಡಿ. ಆನ್‌ಲೈನ್‌ನಲ್ಲಿ ತಗೊಳ್ಳೋದಾದ್ರೆ ಹುಷಾರು, ಚಾನೆಲ್ 3, 4 ಅಂತ ಮಾತ್ರ ಇರೋದು ಅಮೆರಿಕದವರಿಗೆ ಮಾಡಿದ್ದು. ಅವರಲ್ಲಿ ಸೌಂಡು ಚಿತ್ರದಿಂದ 4.5 ಮೆಗಾಹರ್ಟ್ಸ್ ದೂರದಲ್ಲಿ ಇರತ್ತೆ, ನಮ್ಮ ಟಿವಿಗಳು 5.5ರಲ್ಲಿ ಹುಡುಕ್ತವೆ, ಚಿತ್ರ ಸಿಕ್ರೂ ಸೌಂಡ್ ಜಾಗದಲ್ಲಿ ಬರೀ ಗುಯ್ ಅನ್ನತ್ತೆ. ಪಾಲ್ ಬಿಜಿ ಅಂತ ಬರೆದಿರೋದು ತಗೊಳ್ಳಿ, ಡಬ್ಬಿಯನ್ನೂ ಪಾಲ್‌ನಲ್ಲೇ ಇಡಿ.

ಒಂದು ಕಳ್ಳದಾರಿ ಇದೆ. ಅಟ್ಟದ ಮೇಲೆ ಹಳೇ ವಿಸಿಆರ್ ಇದ್ರೆ ಇಳಿಸಿ. ಹಿಂದೆ ಎವಿ ಇನ್ ಇರತ್ತೆ, ಆಂಟೆನಾ ಔಟ್ ಇರತ್ತೆ, ಒಳಗೇ ಮಾಡ್ಯುಲೇಟರ್ ಇದೆ. ಕ್ಯಾಸೆಟ್ ಓಡೋದು ಬೇಡ, ಹೆಡ್ ಹೋಗಿದ್ರೂ ಪರವಾಗಿಲ್ಲ, ಆನ್ ಆಗಿ ಎವಿಗೆ ಸೆಲೆಕ್ಟ್ ಆದ್ರೆ ಸಾಕು. ಆದ್ರೆ ಅದು ರೆಕಾರ್ಡ್ ಮಾಡೋ ವಿಸಿಆರ್ರೇ ಆಗಿರ್ಬೇಕು, ಬಾಡಿಗೆಗೆ ತರ್ತಿದ್ವಲ್ಲ ವಿಸಿಪಿ, ಅದು ಬರೀ ಪ್ಲೇಯರ್ರು, ಸಾಮಾನ್ಯವಾಗಿ ಒಳಗೆ ತಗೊಳ್ಳೋ ತೂತು ಇರಲ್ಲ.

ಈಗ ಕೋಪದಿಂದ ಹೇಳೋ ಮಾತು. "ಟಿವಿ ಬಿಚ್ಚಿ ಎವಿ ಪಿನ್ ಹಾಕಿಕೊಡ್ತೀನಿ" ಅಂತ ಯಾರಾದ್ರೂ ಅಂದ್ರೆ ಒಪ್ಕೋಬೇಡಿ. ಆ ಕಾಲದ ಎಷ್ಟೋ ಟಿವಿಗಳ ಒಳಗಿನ ಚಾಸಿಗೆ (ಲೋಹದ ಚೌಕಟ್ಟು) ಮನೆ ಕರೆಂಟು ನೇರ ತಾಗಿರತ್ತೆ, ಆಂಟೆನಾ ತೂತನ್ನ ಮಾತ್ರ ಬೇರ್ಪಡಿಸಿ ಇಟ್ಟಿರ್ತಾರೆ. ಅಲ್ಲಿಂದ ಒಂದು ತಂತಿ ಎಳೆದು ಪಿನ್ ಮಾಡಿದ್ರೆ ನಿಮ್ಮ ಕನ್ಸೋಲಿನ ಮೈಗೆ 230 ವೋಲ್ಟ್ ಬರಬಹುದು, ಮಗು ಕೈಯಲ್ಲಿರೋ ಕಂಟ್ರೋಲರ್ ವೈರಿಗೂ ಬರಬಹುದು. ಪ್ಲಗ್ ತಿರುಗಿಸಿ ಹಾಕಿದ ದಿನ ಗೊತ್ತಾಗತ್ತೆ. ನೀವೂ ಹಿಂದಿನ ಕವರ್ ಬಿಚ್ಚಬೇಡಿ, ಕಲರ್ ಪಿಕ್ಚರ್ ಟ್ಯೂಬಿಗೆ 20 ಸಾವಿರ ವೋಲ್ಟ್ ಮೇಲೆ ಹೋಗತ್ತೆ, ಪ್ಲಗ್ ತೆಗೆದ್ಮೇಲೂ ಒಳಗೆ ನಿಂತಿರತ್ತೆ.

ಎವಿ ಪಿನ್ ಮುಟ್ಟಿದ್ರೆ ಜುಮ್ ಅನ್ನತ್ತೆ.

ಸಣ್ಣ ಜುಮ್ ಆದ್ರೆ ಅದು ಅಡಾಪ್ಟರ್‌ಗಳಿಂದ ಸೋರೋ ಕರೆಂಟು, ಅರ್ತಿಂಗ್ ಇಲ್ದಿರೋ ಪ್ಲಗ್ ಪಾಯಿಂಟಲ್ಲಿ ಹಾಗಾಗತ್ತೆ. ಎಲ್ಲಾ ವೈರೂ ಮೊದಲು ಚುಚ್ಚಿ ಕೊನೇಲಿ ಸ್ವಿಚ್ ಹಾಕಿ, ಕರೆಂಟ್ ಇರುವಾಗ ಪಿನ್ ಎಳೆದು ಚುಚ್ಚೋದ್ರಿಂದ ಎಚ್‌ಡಿಎಂಐ ಪೋರ್ಟ್ ಸುಟ್ಟ್ರೆ ರಿಪೇರಿ ಡಬ್ಬಿಗಿಂತ ಹತ್ತು ಪಟ್ಟು. ಜುಮ್ ಅಲ್ಲ, ಹೊಡೆತಾನೇ ಬೀಳ್ತಿದೆ ಅಂದ್ರೆ ಆಡೋದು ನಿಲ್ಸಿ ಎಲೆಕ್ಟ್ರಿಷಿಯನ್ ಕರೀರಿ.

ನಮ್ಮ ಟಿವಿಲಿ ಹಸಿರು, ನೀಲಿ, ಕೆಂಪು ಮೂರು ತೂತು ಇದೆ, ಅದು ಇನ್ನೂ ಚೆನ್ನಾಗಿರತ್ತಂತೆ?

ಹೌದು, ಅದು ಕಾಂಪೊನೆಂಟ್, ಹಳದಿಗಿಂತ ಸ್ವಚ್ಛ ಚಿತ್ರ. ಆದ್ರೆ ಟ್ಯೂಬ್ ಟಿವಿಲಿ ಅದನ್ನ ಡಿವಿಡಿಗೆ ಅಂತ ಕೊಟ್ಟಿರೋದು, 480 ಅಥವಾ 576 ಸಾಲಿನ ಇಂಟರ್‌ಲೇಸ್ (ಒಂದು ಸಾಲು ಬಿಟ್ಟು ಒಂದು ಸಾಲು ಬಿಡಿಸೋದು) ಮಾತ್ರ ತಗೊಳ್ಳತ್ತೆ. ಪೇಟೇಲಿ ಸಿಗೋ ಎಚ್‌ಡಿಎಂಐ ಟು ಕಾಂಪೊನೆಂಟ್ ಡಬ್ಬಿಗಳು ಹೆಚ್ಚಿನವು ಸೈಜು ಕುಗ್ಗಿಸಲ್ಲ, 720 ಬಂದ್ರೆ 720ನೇ ಕೊಡ್ತವೆ, ಟಿವಿ ಚಿತ್ರಾನ ಚಿಂದಿ ಮಾಡಿ ತೋರಿಸತ್ತೆ. ಕುಗ್ಗಿಸೋದು ಅಂತ ಖಚಿತ ಆದ್ರೆ ಮಾತ್ರ ದುಡ್ಡು ಹಾಕಿ, ಇಲ್ದಿದ್ರೆ ಹಳದೀನೇ ಸಾಕು.

ಪಿಎಸ್2, ಪಿಎಸ್3ಗೂ ಡಬ್ಬಿ ಬೇಕಾ?

ಬೇಡವೇ ಬೇಡ. ಪಿಎಸ್2, ಪಿಎಸ್3, ನಿಂಟೆಂಡೊ ವೀ ಇವಕ್ಕೆ ಹುಟ್ಟಿನಿಂದಲೇ ಎವಿ ಕೇಬಲ್ ಇದೆ, ನೇರ ಟಿವಿಗೆ. ಪ್ಲೇಸ್ಟೇಷನ್‌ನಲ್ಲಿ ಎವಿ ತೆಗೆದಿದ್ದು 2013ರ ಪಿಎಸ್4ನಿಂದ. ಪಿಎಸ್3 ಮೊದಲು ಎಚ್‌ಡಿಎಂಐಯಲ್ಲಿ ಓಡಿದ್ರೆ ಎವಿಗೆ ಹಾಕಿದಾಗ ಚಿತ್ರ ಬರದೇ ಇರಬಹುದು, ಆಫ್ ಮಾಡಿ ಪವರ್ ಬಟನ್ ಎರಡನೇ ಬೀಪ್‌ವರೆಗೂ ಒತ್ತಿ ಹಿಡೀರಿ, ಸರಿ ಹೋಗತ್ತೆ.

ಮೂಲೇಲಿ ನೇರಳೆ ಹಸಿರು ಕಲೆ ಬಂದಿದೆ, ಗೇಮಿಂದ ಟಿವಿ ಹಾಳಾಯ್ತು ಅಂತ ಮಾವ ಬೈತಿದಾರೆ.

ಗೇಮಿಂದಲ್ಲ, ಪಕ್ಕದಲ್ಲಿಟ್ಟ ಸ್ಪೀಕರಿಂದ. ಮ್ಯಾಗ್ನೆಟ್ ಟ್ಯೂಬ್ ಹತ್ರ ಬಂದ್ರೆ ಬಣ್ಣ ಕೆಡತ್ತೆ. ಸ್ಪೀಕರ್ ದೂರ ಇಡಿ, ಟಿವಿಯನ್ನ ರಿಮೋಟಲ್ಲಲ್ಲ, ಮೇನ್ ಸ್ವಿಚ್ಚಲ್ಲಿ ಆಫ್ ಮಾಡಿ ಅರ್ಧ ಗಂಟೆ ತಣ್ಣಗಾಗಕ್ಕೆ ಬಿಟ್ಟು ಹಾಕಿ, ಶುರುವಲ್ಲಿ ದೊಂಯ್ ಅಂತ ಒಂದು ಸದ್ದು ಬರತ್ತಲ್ಲ, ಅದೇ ಟ್ಯೂಬಿನ ಮ್ಯಾಗ್ನೆಟ್ ತೆಗೆಯೋ ಸುರುಳಿ. ಎರಡು ಮೂರು ಸಲ ಹೀಗೆ ಮಾಡಿದ್ರೆ ಕಲೆ ಹೋಗತ್ತೆ, ಮಾವನ ಮುಖ ಸರಿ ಹೋಗೋದು ಗ್ಯಾರಂಟಿ ಇಲ್ಲ.

ಇಷ್ಟೆಲ್ಲಾ ಕಷ್ಟ ಯಾಕೆ, ಸೆಕೆಂಡ್ ಹ್ಯಾಂಡ್ ಎಲ್‌ಸಿಡಿ ತಗೋಬಾರ್ದಾ?

ದಿನಾ ಆಡೋದಾದ್ರೆ ಖಂಡಿತ ತಗೊಳ್ಳಿ. ಮನೇಲಿ ಹಳೇ ಕಂಪ್ಯೂಟರ್ ಮಾನಿಟರ್ ಇದ್ರೆ ಎಚ್‌ಡಿಎಂಐ ಟು ವಿಜಿಎ ಅಡಾಪ್ಟರ್ ಹಾಕಿದ್ರೂ ಅಕ್ಷರ ಹತ್ತು ಪಾಲು ಸ್ಪಷ್ಟ, ಸೌಂಡಿಗೆ ಮಾತ್ರ ಹೆಡ್‌ಫೋನ್ ತೂತು ಇರೋ ಅಡಾಪ್ಟರ್ ನೋಡಿ ತಗೊಳ್ಳಿ. ರಜೇಲಿ ಹತ್ತು ದಿನ, ಹೊರಗೆ ಮಳೆ, ಮನೇಲಿ ಏಳು ಮಕ್ಕಳು, ಇಂಥದಕ್ಕೆ 400 ರೂಪಾಯಿ ಡಬ್ಬಿ ಸಾಕು.

ಆಡಿ ಮುಗಿದ್ಮೇಲೆ ಎಲ್ಲಾ ಬಿಚ್ಚಬೇಕಾ?

ಡಬ್ಬಿಯ ಪವರ್ ತೆಗೀರಿ, ಸುಮ್ನೆ ಬಿಸಿ ಆಗ್ತಿರತ್ತೆ. ಗುಡುಗು ಶುರುವಾದ್ರೆ ಪ್ಲಗ್ಗೂ ಕೇಬಲ್ ವೈರೂ ಎರಡನ್ನೂ ಎಳೀರಿ, ಮಲೆನಾಡಿನವರಿಗೆ ಹೇಳ್ಕೊಡಬೇಕಾಗಿಲ್ಲ. ಆಮೇಲೆ ಸೆಟ್‌ಟಾಪ್ ಬಾಕ್ಸಿನ ಮೂರು ಪಿನ್ ವಾಪಸ್ ಅದೇ ಜಾಗಕ್ಕೆ ಹಾಕಿ, ಟಿವಿಲಿ ಚಾನೆಲ್ ಬರ್ತಿದ್ಯಾ ಅಂತ ನೋಡಿನೇ ಎದ್ದೇಳಿ. ನಾನು ಒಂದ್ಸಲ ಹಾಕದೇ ಪೇಟೆಗೆ ಹೋಗಿದ್ದೆ, ಏಳು ಗಂಟೆ ಸೀರಿಯಲ್ ಟೈಮಿಗೆ ಅಜ್ಜಿಯಿಂದ ಆರು ಮಿಸ್ಡ್ ಕಾಲ್.